ಮೂರನೆಯ ಪಟ್ಟಿಯ ಎಲೆ

ನಾನು ಓದಿದ್ದು ಏಳನೇ ಕ್ಲಾಸು. ಆದರೂ ನನ್ನ ತಂಗಿ ಮಣ್ಣಿನ ಸವಕಳಿಯ ಮೇಲೆ ಡಾಕ್ಟರೇಟಿಗೆ ಓದುತ್ತಿದ್ದಾಗ ಅವಳ ಅಳತೆಯ ಪುಸ್ತಕ ಬರೆದವನು ನಾನೇ.

ಹಟ್ಟಿಯಂಗಡಿಯ ಹತ್ತಿರ ನಮ್ಮದೊಂದು ಗೇರುಗುಡ್ಡೆ ಇದೆ. ಅದರ ಇಳಿಜಾರಿನಲ್ಲಿ ಅವಳು ತಗಡು ಹುಗಿದು ನೆಲವನ್ನು ಮೂರು ಪಟ್ಟಿ ಮಾಡಿಸಿ, ಹರಿದ ನೀರು ಸೇರಲು ಪ್ರತಿ ಪಟ್ಟಿಯ ಕೆಳತುದಿಗೆ ಒಂದು ಡ್ರಮ್ ಇಡಿಸಿದಳು. ಮೊದಲನೆಯದು ಬೋಳು ನೆಲ. ಎರಡನೆಯದರಲ್ಲಿ ಅಡ್ಡಸಾಲಿಗೆ ಲಾವಂಚದ ಹುಲ್ಲು. ಮೂರನೆಯದರಲ್ಲಿ ಗೇರುಮರದ ಎಲೆ, ಉದುರಿದ ಹಾಗೆಯೇ. ಮಳೆಗೆ ಯಾವ ಪಟ್ಟಿಯಿಂದ ಎಷ್ಟು ಮಣ್ಣು ಕೊಚ್ಚಿಹೋಗುತ್ತದೆ ಎಂದು ನೋಡುವುದೇ ಅವಳ ಸಂಶೋಧನೆ. ಅವಳಿದ್ದದ್ದು ದೂರದ ಕಾಲೇಜಿನಲ್ಲಿ. ಮಳೆಯ ಮರುದಿನ ಡ್ರಮ್ಮಿನ ನೀರಿಗೆ ಕೋಲು ಇಳಿಸಿ ಅಳೆದು, ಕಲಕಿ, ಒಂದು ಬಾಟ್ಲಿ ತುಂಬಿ ಚೀಟಿ ಅಂಟಿಸುವುದು ನನ್ನ ಕೆಲಸ.

“ಅಡಿಯಿಂದ ಕಲ್ಕಕ್ ಅಣ್ಣ. ಬರೀ ಮೇಲಿನ್ ನೀರ್ ತುಂಬ್ಸ್ಬೇಡ.”

“ಪಾಯ್ಸ ಬಡ್ಸುವವಂಗೆ ಅದ್ ನೀ ಹೇಳ್ಕಾ?” ಎಂದೆ. ಮದುವೆಮನೆಗಳಲ್ಲಿ ಬಡಿಸಲು ಹೋಗುವವನು ನಾನು.

ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಗುಡ್ಡೆಯ ಎಲೆ ಗುಡಿಸಿ, ಹೆಡಿಗೆಯಲ್ಲಿ ಹೊತ್ತು ತಂದು ದನದ ಹಟ್ಟಿಯ ಪಕ್ಕ ಒಟ್ಟುವುದು ಕ್ರಮ. ಮಳೆಗಾಲವಿಡೀ ದನಗಳ ಕಾಲಡಿಗೆ ಹಾಸಿದರೆ ಆಮೇಲೆ ಅದೇ ಗೊಬ್ಬರ. ಎಲೆ ಗುಡಿಸದ ಗುಡ್ಡೆ ಕಂಡರೆ ಆ ಮನೆಯವರು ಸೋಮಾರಿಗಳೆಂದು ಊರೇ ಹೇಳುತ್ತದೆ. ಮೂರನೆಯ ಪಟ್ಟಿಯೊಂದನ್ನು ಮುಟ್ಟಬೇಡ ಎಂದು ತಂಗಿ ಎರಡು ಸಲ ಹೇಳಿ ಹೋಗಿದ್ದಳು.

ಆ ವರ್ಷ ಮೋಡ ಬೇಗ ಕಟ್ಟಿತು. ನಾನು ಒಟ್ಟಿದ್ದ ಎಲೆ ಸಾಲುವಂತಿರಲಿಲ್ಲ. ಮೂರನೆಯ ಪಟ್ಟಿಯಲ್ಲಿ ಪಾದ ಮುಳುಗುವಷ್ಟಿತ್ತು. ಮರ ಎಲ್ಲಿ ಹೋಗುತ್ತದೆ, ಮತ್ತೆ ಎಲೆ ಉದುರಿಸುತ್ತದೆ ಎಂದುಕೊಂಡೆ. ಒಂದೇ ಬೆಳಿಗ್ಗೆ ನೆಲ ಕಾಣುವಂತೆ ಗುಡಿಸಿ ಹೊತ್ತು ತಂದೆ. ಆ ಸಂಜೆಯೇ ಮಳೆ ಬಂತು.

ಮರುದಿನ ಮೂರನೆಯ ಡ್ರಮ್ಮಿನ ನೀರು ಬೋಳು ಪಟ್ಟಿಯ ನೀರಿನಷ್ಟೇ ಕೆಂಪಾಗಿತ್ತು. ಫೋನ್ ಮಾಡಿ ಹೇಳಬಹುದಿತ್ತು. ಹೇಳಿದರೆ ಪುಸ್ತಕವನ್ನು ಬೇರೆ ಯಾರಿಗಾದರೂ ಕೊಡುತ್ತಾಳೆ ಎಂಬ ಹೆದರಿಕೆ. ಬರೆಯುವ ಕೆಲಸವನ್ನು ನಂಬಿ ನನಗೆ ಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ. ಇನ್ನೆರಡು ಮಳೆಯ ನೀರನ್ನೂ ಹಾಗೆಯೇ ತುಂಬಿಟ್ಟೆ. ಶನಿವಾರ ಅವಳು ಬರುತ್ತಾಳೆಂದು ತಿಳಿದ ಮೇಲೆ ಪಕ್ಕದ ಗುಡ್ಡೆಯಿಂದ ಒದ್ದೆ ಎಲೆ ತಂದು ಹರಡಿದೆ.

ಅವಳು ಬಾಟ್ಲಿಗಳನ್ನು ಬೆಳಕಿಗೆ ಹಿಡಿದು ನೋಡಿದಳು. “ಎಂತ ಅಣ್ಣ ಇದ್? ಎಲಿ ಇದ್ರೂ ಇಷ್ಟ್ ಕೆಂಪಾ?”

“ಅಲ್ ಇಳಿಜಾರ್ ಜಾಸ್ತಿ ಅಲ್ದಾ? ಮೊದಲ್ನೇ ಮಳಿಗೆ ಎಲಿ ಅಡಿಂದಲೇ ನೀರ್ ಹರಿತ್ ಕಾಣ್.”

ಅವಳು ಯೋಚಿಸಿದಳು. ಆಮೇಲೆ ಅದನ್ನು ಬರೆದುಕೊಂಡಳು.

ಮುಂದಿನ ವರ್ಷ ಪ್ರಬಂಧ ಟೈಪಾಗಿ ಬಂದಾಗ ನನಗೆ ಓದಿ, ಅರ್ಥ ಹೇಳಿದಳು. ಕಡಿದಾದ ಇಳಿಜಾರಿನಲ್ಲಿ, ಅತಿ ಹೆಚ್ಚು ಮಣ್ಣು ಹೋಗುವ ಮೊದಲ ಮಳೆಗಳಲ್ಲಿ, ಎಲೆಯ ಹೊದಿಕೆಯಿಂದ ಪ್ರಯೋಜನ ಕಾಣಲಿಲ್ಲ ಎಂದಿತ್ತು. ಕಾರಣ ನಾನು ಹೇಳಿದ್ದೇ, ದೊಡ್ಡ ದೊಡ್ಡ ಶಬ್ದಗಳಲ್ಲಿ. ಮೊದಲ ಪುಟದಲ್ಲಿ, ಒಂದು ಮಳೆಯನ್ನೂ ತಪ್ಪಿಸದೆ ಅಳೆದ ಅಣ್ಣನಿಗೆ ಕೃತಜ್ಞತೆ. ಆಗಲೂ ನಾನು ನಿಜ ಹೇಳಲಿಲ್ಲ.

ಪ್ರಬಂಧ ಒಪ್ಪಿಸುವ ಮೊದಲು ಬ್ರಹ್ಮಾವರದಲ್ಲಿ ರೈತರ ಒಂದು ಸಭೆಯಲ್ಲಿ ಅವಳು ಮಾತಾಡಿದಳು. ನಾನು ಹಿಂದಿನ ಸಾಲಿನಲ್ಲಿದ್ದೆ. ಬೈಂದೂರು ಕಡೆಯ ಹಿರಿಯರೊಬ್ಬರು ಎದ್ದರು.

“ಹಂಗಾರೆ ಎಲಿ ಗುಡ್ಸ್ರೆ ಅಡ್ಡಿಲ್ಯಾ ಮೇಡಮ್?”

“ಕಡಿದಾದ ಗುಡ್ಡೆ ಆದ್ರೆ ಅಡ್ಡಿಲ್ಲೆ. ಲಾವಂಚ ಹಾಕಿ.”

“ಹೆಂಡ್ತಿ ಗೆದ್ಲ್ ಕಾಣಿ. ನಾನ್ ಈ ವರ್ಷ ಗುಡ್ಸುದ್ ಬ್ಯಾಡ ಅಂದಿದ್ದೆ.” ಎಲ್ಲರೂ ನಕ್ಕರು. ಅವರು ಅಲ್ಲೇ ಫೋನ್ ತೆಗೆದು ಹೊರಗೆ ನಡೆದರು.

ನನಗೆ ಕೂರಲಾಗಲಿಲ್ಲ. ಸಭೆ ಮುಗಿಯುತ್ತಲೇ ತಂಗಿಯನ್ನು ಮೆಟ್ಟಿಲ ಹತ್ತಿರ ಕರೆದು ಎಲೆ ಗುಡಿಸಿದ್ದನ್ನು ಹೇಳಿದೆ. ಅವಳು ಬೈಯಲಿಲ್ಲ.

“ಎಷ್ಟ್ ಮಳಿ?”

“ಮೂರ್.”

“ಮೊದಲ್ನೇ ಮೂರಾ?”

“ಹೌದ್.”

ತನ್ನ ಚೀಲವನ್ನು ನನ್ನ ಕೈಗಿಟ್ಟು ರಸ್ತೆಗೆ ಓಡಿದಳು. ಆ ಹಿರಿಯರು ಬಸ್ಸಿಗೆ ಕಾಯುತ್ತಿದ್ದರು.

“ಎಲಿ ಗುಡಿಸ್ಬೇಡಿ. ನಾನ್ ಹೇಳಿದ್ದ್ ತಪ್ಪ್.”

“ಈಗಷ್ಟೇ ಅಡ್ಡಿಲ್ಲೆ ಅಂದ್ರಿ. ಹೆಂಡ್ತಿಗೆ ಫೋನೂ ಮಾಡಿ ಆಯ್ತ್.”

“ಇನ್ನೊಂದ್ಸಲ ಮಾಡಿ. ನನ್ ಅಳತಿ ತಪ್ಪಿದ್ದ್.”

“ಇಷ್ಟ್ ಓದಿಯೂ ಅಳ್ತಿ ತಪ್ಪತ್ತಾ?” ಅವರು ತಮಾಷೆಗೇ ಕೇಳಿದ್ದು. ತಂಗಿ ತಲೆ ತಗ್ಗಿಸಿ, “ತಪ್ಪತ್ತ್” ಎಂದಳು. ಅಳೆದವನು ಅಣ್ಣ ಎಂದು ಅವಳು ಹೇಳಲಿಲ್ಲ. ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನೂ ಹೇಳಲಿಲ್ಲ. ಗುಡಿಸಿದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ತಿನ್ನುತ್ತಿದೆ. ಅದಕ್ಕೇ ಇದನ್ನು ಬರೆದೆ.

ಅವಳು ತನ್ನ ಗುರುಗಳಿಗೆ ನಡೆದದ್ದನ್ನು ತಿಳಿಸಿದಳು. ಪದವಿ ಒಂದು ವರ್ಷ ಮುಂದೆ ಹೋಯಿತು. ಈ ಮಳೆಗಾಲ ಮೂರೂ ಪಟ್ಟಿಗಳ ಅಳತೆ ಮತ್ತೆ ನಡೆಯುತ್ತಿದೆ. ಪುಸ್ತಕ ನನ್ನ ಕೈಯಲ್ಲೇ ಇದೆ. ಪ್ರತಿ ಅಳತೆಯ ಜೊತೆಗೆ ಮೂರನೆಯ ಪಟ್ಟಿಯ ಫೋಟೊ ಕಳಿಸಬೇಕು ಎಂದಿದ್ದಾಳೆ. ಮೊದಲು ಅವಳು ಅದನ್ನು ಕೇಳುತ್ತಿರಲಿಲ್ಲ.