ಮೂವತ್ತು ನಮೋ ಮರಿಯಾ, ಒಂದು ಸುಟ್ಟ ಮೋಟಾರು

ಮೊನ್ನೆ ಮಿಕ್ಸಿ ಸುಟ್ಟುಹೋಯಿತು. ನನ್ನದಲ್ಲ, ಪಕ್ಕದ ಮನೆ ಜಯಮ್ಮನದು. ಕಡ ತಂದಿದ್ದೆ. ನೆನೆಯದ ಹುಣಸೆಹಣ್ಣು, ಒಣಕೊಬ್ಬರಿ ಎರಡನ್ನೂ ಒಟ್ಟಿಗೆ ತುರುಕಿ, ಅದು ಗೊರಗೊರ ಅಂದರೂ ಬಿಡದೆ ತಿರುಗಿಸಿದೆ. ಹೊಗೆ ಬಂದ ಮೇಲೆ ನನಗೆ ಬುದ್ಧಿ ಬಂತು. ಅದನ್ನು ಬಟ್ಟೆಚೀಲದೊಳಗೆ ಬಚ್ಚಿಟ್ಟುಕೊಂಡು, ಜಯಮ್ಮನ ಬಾಗಿಲು ತಪ್ಪಿಸಿ, ಮಧುಗಿರಿಯ ಹಳೇ ಮೋಟಾರು ರಿವೈಂಡಿಂಗ್ ಅಂಗಡಿಗೆ ಹೋದೆ. ಮೆಟ್ಟಿಲು ಹತ್ತುತ್ತಿದ್ದಂತೆ, ಸುತ್ತಿದ ತಂತಿಗೆ ಬಳಿಯುವ ವಾರ್ನಿಷ್ ವಾಸನೆ ಮೂಗಿಗೆ ಹೊಡೆಯಿತು. ನಿಮಗದು ಬರೀ ತಲೆನೋವಿನ ವಾಸನೆ ಇರಬಹುದು. ನನಗೆ ಮಾತ್ರ ಅದು ಒಬ್ಬ ನಾಸ್ತಿಕರ ವಾಸನೆ. ಚರ್ಚಿನ ಧೂಪದಷ್ಟೇ ಭಯಭಕ್ತಿ ಹುಟ್ಟಿಸುತ್ತದೆ.

ಇಪ್ಪತ್ತು ವರ್ಷದ ಹಿಂದೆ ಆ ಅಂಗಡಿ ಹನುಮಂತರಾಯಪ್ಪನವರದು. ಹೆಸರಿನ ತುಂಬ ದೇವರು, ಆದರೆ ಮನುಷ್ಯನಿಗೆ ದೇವರಿಲ್ಲ. ಕೇಳಿದರೆ, "ಹೆಸರಿಕ್ಕಿದ್ದು ನಮ್ಮವ್ವ, ಅವಳ್ನೇ ಕೇಳ್ಕಳಿ" ಅನ್ನುತ್ತಿದ್ದರು. ಆಯುಧಪೂಜೆಯ ದಿನ ಊರಿಗೆ ಊರೇ ಬೂದುಗುಂಬಳ ಒಡೆಯುತ್ತಿದ್ದರೆ, ಇವರು ಸ್ಪಾನರುಗಳಿಗೆ ಗ್ರೀಸ್ ಹಚ್ಚಿ, ಕುಂಬಳಕಾಯಿಯನ್ನು ಮನೆಗೆ ಒಯ್ದು ಹುಳಿ ಮಾಡಿಸುತ್ತಿದ್ದರು. ಕೆಲಸದಲ್ಲಿ ಮಾತ್ರ ಭಾರಿ ನೇಮ. ಮೋಟಾರಿನ ಹೊಟ್ಟೆಯೊಳಗೆ ತಂತಿ ಎಷ್ಟು ಸುತ್ತು ಸುತ್ತಿದ್ದಾರೆ ಎಂದು ಯಾವ ಗಿರಾಕಿ ಬಗ್ಗಿ ನೋಡುತ್ತಾನೆ? ಆದರೂ ಎಣಿಕೆ ತಪ್ಪಿತು ಎಂಬ ಅನುಮಾನ ಬಂದರೆ ಸಾಕು, ಅಷ್ಟನ್ನೂ ಬಿಚ್ಚಿ ಮೊದಲಿನಿಂದ ಸುತ್ತುತ್ತಿದ್ದರು.

ನಾನೋ, ಆಗ ಭಾನುವಾರದ ಪೂಜೆ ಮುಗಿದ ಮೇಲೆ ನಾಲ್ಕು ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುತ್ತಿದ್ದವಳು. ಇಡೀ ಊರಿಗೆ ಸಿಕ್ಕುತ್ತಿದ್ದ ಕ್ಯಾಥೊಲಿಕ್ ಮಕ್ಕಳೇ ಅಷ್ಟು. "ದೇವರ ಭಯ ಇಲ್ಲದವನು ಒಳ್ಳೆಯವನಾಗಿರೋಕೆ ಆಗಲ್ಲ, ಬೇರಿಲ್ಲದ ಗಿಡ ನಿಂತೀತಾ?" ಎಂದು ಬೆರಳೆತ್ತಿ ಹೇಳುತ್ತಿದ್ದೆ. ಆ ಬೆರಳೇ ಮುಂದೆ ನನ್ನ ಮರ್ಯಾದೆ ತೆಗೆಯಿತು ನೋಡಿ.

ನಮ್ಮ ಬೀದಿಯ ಹಳೇ ಬಾವಿಗೆ ಒಂದು ಮೋಟಾರು ಕೂರಿಸಿದ್ದರು. ಸ್ವಿಚ್ ಡಬ್ಬಿಗೊಂದು ಬೀಗ, ಬೀಗದ ಕೈ ಮನೆಯಿಂದ ಮನೆಗೆ ಸರದಿಯಲ್ಲಿ ಹೋಗುತ್ತಿತ್ತು. ನನ್ನದಾದ ಮೇಲೆ ಜಯಮ್ಮನ ಸರದಿ. ಕ್ರಿಸ್ಮಸ್ ಹತ್ತಿರ ಬಂದಿತ್ತು. ಒಂದು ಸಂಜೆ ಅದೇ ಬೆರಳಿನಿಂದ ಸ್ವಿಚ್ ಒತ್ತಿ, ಬೀಗ ಹಾಕುವುದನ್ನೂ ಮರೆತು, ಚರ್ಚಿಗೆ ಹಾಡಿನ ಅಭ್ಯಾಸಕ್ಕೆ ಓಡಿದೆ. ಭೂಮಿಯ ಮೇಲೆ ಶಾಂತಿ ನೆಲೆಸಲಿ ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದಾಗ ಬಾವಿಯ ನೀರು ಮುಗಿದು ಮೋಟಾರು ಸುಡುತ್ತಿತ್ತು. ಹೊಗೆ ಕಂಡು ಓಡಿಬಂದು ಅದನ್ನು ಆರಿಸಿದವಳು ಜಯಮ್ಮ. ಜನ ಸೇರಿದಾಗ ಸ್ವಿಚ್ಚಿನ ಮೇಲೆ ಇದ್ದದ್ದು ಅವಳ ಕೈ. ಇನ್ನೇನು ಬೇಕು? "ಇವಳೇ ಸುಟ್ಟಾಕ್ಬುಟ್ಲು ಕಣ್ರಪ್ಪೋ" ಎಂದು ಬೀದಿ ತೀರ್ಮಾನಿಸಿತು. ಬೀಗದ ಕೈಯ ಸರದಿಯಿಂದ ಅವಳನ್ನು ತೆಗೆದುಹಾಕಿದರು. ಹನುಮಂತರಾಯಪ್ಪನವರ ಅಂಗಡಿಯಿಂದ ಮೋಟಾರು ರಿಪೇರಿಯಾಗಿ ಬಂದ ಮೇಲೂ ಅವಳು ಯಾರಾದರೂ ಸ್ವಿಚ್ ಹಾಕಿಯಾರೆಂದು ಕೊಡ ಹಿಡಿದು ಕಾಯಬೇಕಿತ್ತು. ನಾನು ಹಾಡಿನ ಪುಸ್ತಕ ಎದೆಗವಚಿಕೊಂಡು ಸುಮ್ಮನೆ ನಿಂತಿದ್ದೆ.

ಶನಿವಾರ ಪಾಪನಿವೇದನೆಗೆ ಹೋಗಿ ಫಾದರ್ ಬಳಿ ಎಲ್ಲ ಹೇಳಿದೆ. ಅವರು, "ಮೂರು ನಮೋ ಮರಿಯಾ ಜಪಿಸಮ್ಮ, ಆಮೇಲೆ ಹೋಗಿ ಆಕೆಗೆ ನಿಜ ಹೇಳು" ಅಂದರು. ಎರಡನೆಯದು ಕಷ್ಟ. ಹಾಗಾಗಿ ಮೊದಲನೆಯದನ್ನೇ ಜಾಸ್ತಿ ಮಾಡಿದೆ. ಮೂರರ ಬದಲು ಮೂವತ್ತು ನಮೋ ಮರಿಯಾ! ಮಾತೆ ಮರಿಯಮ್ಮನವರಿಗೆ ಲಂಚ ಕೊಡಲು ನೋಡಿದವಳು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ರಿಪೇರಿಯಾದ ಮೋಟಾರು ಎಂಟೇ ದಿನಕ್ಕೆ ಮತ್ತೆ ಸುಟ್ಟಿತು. "ಜಯಮ್ಮ ಕದ್ದು ಹಾಕಿರ್ತಾಳೆ" ಎಂದು ಶುರುವಾಯಿತು. ಅವಳು ಅಳುತ್ತ ನಿಂತಿದ್ದಳು. ಹನುಮಂತರಾಯಪ್ಪನವರು ಬಂದು ಬಾವಿಕಟ್ಟೆಯ ಮೇಲೇ ಮೋಟಾರು ಬಿಚ್ಚಿದರು. ಒಳಗಿನ ತಂತಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಆಮೇಲೆ ಎಲ್ಲರ ಮುಂದೆ, "ಆಯಮ್ಮನ್ನ ಬುಡ್ರೋ. ತಪ್ಪು ನಂದು. ತಂತಿ ಒಂದು ನಂಬರ್ ಸಣ್ಣದು ಹಾಕ್ಬುಟ್ಟಿವ್ನಿ" ಅಂದರು. ಹೇಳದಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅಲ್ಲೇ ನಾಲ್ಕು ಜನ ಇನ್ನು ಮೋಟಾರನ್ನು ಪಕ್ಕದ ಶಿರಾಕ್ಕೆ ಒಯ್ಯುವುದೇ ಮೇಲು ಎಂದು ಗೊಣಗಿದರು.

ಜನ ಚದುರಿದ ಮೇಲೆ, "ಅಣ್ಣ, ನಿಮಗೆ ದೇವರ ಭಯವಿಲ್ಲ. ಮತ್ಯಾಕೆ ಒಪ್ಪಿಕೊಂಡ್ರಿ?" ಎಂದು ಕೇಳಿಯೇಬಿಟ್ಟೆ.

ಅವರು ಕೈ ಒರೆಸಿಕೊಳ್ಳುತ್ತ, "ನಿಮ್ಗಾದ್ರೆ ದೇವ್ರವ್ನೆ ಟೀಚರಮ್ಮ, ಗುಡಿಗೋಗಿ ಹೇಳ್ಬುಟ್ಟು ಮನಗ್ತೀರ. ನಂಗ್ಯಾರವ್ರೆ? ಯಾರ್ಗೆ ಅನ್ಯಾಯ ಆಯ್ತೋ ಅವ್ರ ತಾವ್ಕೇ ಹೋಗ್ಬೇಕು" ಅಂದರು. ಮೊದಲ ಸಲ ನೀರಿಲ್ಲದೆ ಓಡಿ ಸುಟ್ಟದ್ದು ಎಂದು ಅವರಿಗೆ ತಿಳಿದೇ ಇತ್ತು. ಯಾರ ಸರದಿ ಎಂದು ಮಾತ್ರ ಕೇಳಲಿಲ್ಲ.

ಮತ್ತೆ ಫಾದರ್ ಹತ್ತಿರ ಓಡಿದೆ. ಈ ಸಲ ನನ್ನ ಪಾಪವನ್ನು ಧರ್ಮಸಂದೇಹದ ವೇಷದಲ್ಲಿ ಒಯ್ದೆ. "ಫಾದರ್, ದೇವರನ್ನೇ ನಂಬದವರು ಒಳ್ಳೆಯವರಾಗಿರೋದು ಹೇಗೆ?"

ಪಾಪನಿವೇದನೆಯ ಜಾಲರಿಯ ಆಚೆ ಸಣ್ಣ ನಗು ಕೇಳಿಸಿತು. "ಅವರಿಗೆ ದೇವರ ಪರಿಚಯ ಇಲ್ಲದಿರಬಹುದಮ್ಮ. ದೇವರಿಗೆ ಅವರ ಪರಿಚಯ ಇಲ್ಲ ಅಂತ ನಿನಗ್ಯಾರು ಹೇಳಿದ್ದು? ಮನಸ್ಸಾಕ್ಷಿಯನ್ನ ಆತ ನಂಬಿದವರಿಗಷ್ಟೇ ಹಂಚಲಿಲ್ಲ, ಹುಟ್ಟಿದವರಿಗೆಲ್ಲ ಇಟ್ಟ. ಕೊಟ್ಟವನನ್ನ ಗುರುತಿಸೋ ಭಾಗ್ಯ ನಮಗಿದೆ, ಅಷ್ಟೆ. ಸರಿ, ಆ ನಾಸ್ತಿಕರ ಚಿಂತೆ ದೇವರಿಗೆ ಬಿಡು. ನಂಬಿಯೂ ಬಾಯಿ ಬಿಡದವರ ಕಥೆ ಏನು? ಹೇಳಿದೆಯಾ ಆಕೆಗೆ?"

ಕೊನೆಗೂ ಹೇಳಿದೆ ಕಣ್ರೀ, ಹೇಳಿದೆ. ಮರುದಿನ ಬಾವಿಕಟ್ಟೆಯಲ್ಲಿ, ಎಲ್ಲರೂ ಕೊಡ ಹಿಡಿದು ನಿಂತಿದ್ದಾಗ. ನನ್ನ ಸರದಿಗೆ ಬಂದಿದ್ದ ಬೀಗದ ಕೈಯನ್ನು ಜಯಮ್ಮನ ಅಂಗೈಯಲ್ಲಿಟ್ಟೆ. ಸಿನಿಮಾದಲ್ಲಾದರೆ ಅವಳು ನನ್ನನ್ನು ತಬ್ಬಿಕೊಳ್ಳಬೇಕಿತ್ತು. ಅವಳು, "ಕಳ್ಳಿಯಂಗೆ ತಲೆ ತಗ್ಗಿಸ್ಕಂಡು ಓಡಾಡಿದ್ನಲ್ಲ, ಆವಾಗ ಎಲ್ಲೋಗಿತ್ತು ನಿಮ್ ಬಾಯಿ?" ಎಂದು ಕೊಡ ಕುಕ್ಕಿ ಹೊರಟುಹೋದಳು. ಕ್ರಿಸ್ಮಸ್‌ಗೆ ಕಳಿಸಿದ ಕೇಕಿನ ಡಬ್ಬಿಯೂ ವಾಪಸು ಬರಲಿಲ್ಲ. ಸಂಕ್ರಾಂತಿಯ ದಿನ ಬಂತು, ತುಂಬ ಎಳ್ಳುಬೆಲ್ಲ ಹೊತ್ತುಕೊಂಡು. "ತಿನ್ನಿ, ಒಳ್ಳೇ ಮಾತಾಡಿ. ನಿಜಾನೂ ಆಡಿ" ಅಂದಳು. ನನಗೆ ಅಳು ಬಂತು, ಬಾಯಿ ತುಂಬ ಎಳ್ಳಿದ್ದುದರಿಂದ ಸರಿಯಾಗಿ ಅಳಲಾಗಲಿಲ್ಲ.

ಹನುಮಂತರಾಯಪ್ಪನವರು ತೀರಿಕೊಂಡು ಎರಡು ವರ್ಷ. ನವೆಂಬರಿನಲ್ಲಿ ಮೃತರ ಸ್ಮರಣೆಯ ಪೂಜೆಗೆ ನಾನು ಅವರ ಹೆಸರನ್ನೂ ಬರೆದುಕೊಡುತ್ತೇನೆ. ಅಂತೋಣಿ, ಚಿನ್ನಪ್ಪ, ಆರೋಗ್ಯಮ್ಮ ಎಂದು ಓದುತ್ತ ಬರುವ ಈಗಿನ ಫಾದರ್, ಹನುಮಂತರಾಯಪ್ಪ ಬಂದಾಗ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಅದನ್ನು ಕೇಳಿದ್ದರೆ ಹನುಮಂತರಾಯಪ್ಪನವರೇ ಹೊಟ್ಟೆ ಹಿಡಿದು ನಗುತ್ತಿದ್ದರು.

ಈಗ ಅಂಗಡಿ ಅವರ ಮಗಳು ಶಾರದಳದು. ಮಿಕ್ಸಿ ಬಿಚ್ಚಿ ನೋಡಿ, "ಹೊಸದ್ರಂಗೆ ಮಾಡ್ಕೊಡ್ತೀನಿ ಟೀಚರ್, ಸುಟ್ಟಿತ್ತು ಅಂತ ಯಾರ್ಗೂ ಗೊತ್ತಾಗಕಿಲ್ಲ" ಅಂದಳು. ಯಾರಿಗೂ ಗೊತ್ತಾಗುವುದಿಲ್ಲ! ನನ್ನ ತುಟಿ ಆಗಲೇ ನಮೋ ಮರಿಯಾ ಶುರುಮಾಡಿತ್ತು. ವಾರ್ನಿಷ್ ವಾಸನೆ ಇನ್ನೊಮ್ಮೆ ಗಮ್ಮೆಂದಿತು. ಜಪ ನಿಲ್ಲಿಸಿ, ಫೋನ್ ತೆಗೆದೆ.

"ಜಯಮ್ಮ, ನಿಮ್ಮ ಮಿಕ್ಸಿ ಸುಟ್ಟುಬಿಟ್ಟೆ."

ಆ ಕಡೆಯಿಂದ ಉತ್ತರ ತಕ್ಷಣ ಬಂತು. "ಮೋಟ್ರಾಯ್ತು, ಈಗ ಮಿಕ್ಸಿ. ಇನ್ನು ನನ್ನೊಬ್ಳನ್ನ ಸುಡೋದು ಬಾಕಿ ಕಣಮ್ಮ. ಬೇಗ ಬನ್ನಿ, ಕಾಫಿಗಿಟ್ಟಿವ್ನಿ."

ಬರುವ ದಾರಿಯಲ್ಲಿ ಒಂದೇ ಒಂದು ನಮೋ ಮರಿಯಾ ಹೇಳಿದೆ. ನನ್ನ ಪಾಪಕ್ಕಲ್ಲ, ಹನುಮಂತರಾಯಪ್ಪನವರಿಗೆ.