ಹದಿನಾರು ಸಾಲಿನ ಜಾಗ
ಶ್ರೀರಂಗಪಟ್ಟಣದ ಸ್ಟೇಷನ್ನಿನಿಂದ ಪಾಂಡವಪುರಕ್ಕೆ ಶೇರ್ ಆಟೋ ಓಡಿಸುವ ಮುಬಶ್ಶಿರನಿಗೆ ಟಾರ್ವೆಲ್ ಎಂಬ ಅಮೆರಿಕದ ರ‍್ಯಾಪರ್ ಸ್ವಂತ ಸೋದರಮಾವನಿಗಿಂತ ಹತ್ತಿರದವನು. ಅವನ ಮೊದಲ ಹಾಡು, ಜೈಲುವಾಸ, ಮುನಿಸಿಕೊಂಡು ಹೋದ ಡಿಜೆ, ಮರಳಿ ಬಂದ ಜೊತೆಗಾರರು, ಎಲ್ಲವನ್ನೂ ನೆಂಟರ ಮನೆಯ ಜಗಳದಂತೆ ವರದಿ ಮಾಡುತ್ತಾನೆ. ಕಾವೇರಿ ಸೇತುವೆಗೆ ಮೊದಲ ಆಲ್ಬಂ ಮುಗಿದರೆ ಕಿರಂಗೂರಿಗೆ ಮೂರನೆಯ ಮದುವೆ. ದಿನವೂ ಸೊಪ್ಪಿನ ಬುಟ್ಟಿಯೊಡನೆ ಹತ್ತುವ ಮಂಗಳಮ್ಮ ಕೂಡ ಈಗ "ಆ ಡಿಜೆ ಒಳ್ಳೇನಲ್ಲ ಕಣಪ್ಪಾ" ಎನ್ನುವ ಮಟ್ಟಕ್ಕೆ ಬಂದಿದ್ದಾಳೆ. "ಟಾರ್ವೆಲ್ ಸತ್ತು ಆರು ವರ್ಸ ಆಯ್ತು ಸಾ, ಇನ್ನೂ ವರ್ಸಕ್ಕೊಂದು ಆಲ್ಬಂ ಬುಡ್ತಾವ್ನೆ" ಎಂದು ಮುಬಶ್ಶಿರ್, ದಿನವೂ ಹಿಂದಿನ ಸೀಟಿನಲ್ಲಿ ಕೂರುವ ನನ್ನನ್ನು ಕನ್ನಡಿಯಲ್ಲಿ ನೋಡಿ ಹೆಮ್ಮೆಪಡುತ್ತಾನೆ. ಜೊತೆಗಾರನ ಪಾಲಿಗೆ ಹದಿನಾರು ಸಾಲಿನ ಜಾಗ ಬಿಟ್ಟು, ಅಲ್ಲಿ ಬರೀ ತಾಳ ತುಂಬಿ ಕಳಿಸುವುದು ರ‍್ಯಾಪ್ ಹಾಡುವವರ ರೂಢಿಯಂತೆ. ಮುಬಶ್ಶಿರನೂ ಹಾಗೆಯೇ ಒಂದು ಹಾಡು ಕಟ್ಟಿ, ನಾಗಮಂಗಲದ ಗೆಳೆಯ ಅಶೋಕನಿಗೆ ಕಳಿಸಿದ್ದ. ತನ್ನ ಪಾಲು ಹಾಡಲು ಹೊರಟ ಅಶೋಕನ ಬೈಕು ಹೆದ್ದಾರಿ ದಾಟಲಿಲ್ಲ. ಆ ಹಾಡು ಈಗಲೂ ದಿನಾ ಆಟೋದಲ್ಲಿ ಮೊಳಗುತ್ತದೆ. ಖಾಲಿ ಜಾಗ ಬಂದಾಗ ಮಾತ್ರ ಮುಬಶ್ಶಿರ್ ಬಾಯಿ ಮುಚ್ಚುತ್ತಾನೆ. ನೀನೇ ಹಾಡಿ ತುಂಬಿಸಬಾರದೇ ಎಂದರೆ, "ಅಲ್ಲಾ ಕಸಮ್, ಅದು ಅವ್ನ ಜಾಗ ಸಾ" ಎನ್ನುತ್ತಾನೆ. ನಿನ್ನೆ ಬೆಳಿಗ್ಗೆ ಸೇತುವೆಯ ಮೇಲೆ, ಬರೀ ತಾಳ ಬಡಿಯುತ್ತಿದ್ದಾಗ, ಮಂಗಳಮ್ಮ ಬುಟ್ಟಿ ತಬ್ಬಿಕೊಂಡು ಕೇಳಿದಳು: "ಅದ್ಯಾರಪ್ಪಾ, ಹಾಡಕ್ಕೆ ಮುಂಚೆ ಉಸ್ರು ಎಳ್ಕಂಡಂಗೆ ಎಳ್ಕಂಡಿದ್ದು?" ನನಗೂ ಕೇಳಿಸಿತ್ತು. ಮುಬಶ್ಶಿರ್ ಗಾಡಿ ನಿಧಾನ ಮಾಡಿ, ತನ್ನ ಸೀಟಿನಲ್ಲೇ ಒಂದಿಷ್ಟು ಸರಿದು, ಪಕ್ಕಕ್ಕೆ ಒಬ್ಬರು ಕೂರುವಷ್ಟು ಜಾಗ ಮಾಡಿಕೊಟ್ಟ.