ದೇನಾ ಅಜ್ಜಿಯ ಗೇಟಿಗೊಂದು ಕಾಗದ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಡ್ಯಾನ್ಯೂಬ್ ನದಿಯ ಮಂಜು ಬೆಲಿ ಬ್ರೆಸ್ತ್ ಊರಿನ ಬಸ್ ನಿಲ್ದಾಣದವರೆಗೂ ಬಂದಿದೆ. ವೆಲಿಕಾ ದೋನ್ಚೆವಾ ಬಕೆಟ್ಟನ್ನು ನೆಲಕ್ಕಿಟ್ಟು, ಮೈದಾ ಅಂಟಿನಲ್ಲಿ ಬ್ರಷ್ ಅದ್ದಿ, ಗೋಡೆಗೆ ಎರಡು ಸಲ ಎಳೆಯುತ್ತಾರೆ. ಅದರ ಮೇಲೊಂದು ಕಾಗದ: ಕಪ್ಪು ಅಂಚು, ಟೋಪಿ ಹಾಕಿದ ಮುದುಕನ ಫೋಟೊ, ಹೆಸರು, ವಯಸ್ಸು, ಮಣ್ಣು ಮಾಡುವ ಹೊತ್ತು. ಅಂಗೈಯಿಂದ ಅಂಚುಗಳನ್ನು ಒತ್ತುತ್ತಾರೆ. ಮುಖದ ಮೇಲೆ ಮಾತ್ರ ಕೈ ಆಡಿಸುವುದಿಲ್ಲ.

"ಒರೆಸಿದ್ರೆ ಶಾಯಿ ಕದಡತ್ತೆ. ಬೇರೆ ಕಾರಣ ಏನಿಲ್ಲ," ಎನ್ನುತ್ತಾರೆ.

ವೆಲಿಕಾಗೆ ಅರವತ್ತೊಂದು ವರ್ಷ. ಮೀನು ಡಬ್ಬಿ ಕಾರ್ಖಾನೆ ಮುಚ್ಚಿದ ಮೇಲೆ ಪುರಸಭೆಯ ಈ ಕೆಲಸ ಹಿಡಿದರು, ಇಪ್ಪತ್ತಾರು ವರ್ಷವಾಯಿತು. ದೋಣಿ ನಡೆಸುತ್ತಿದ್ದ ಗಂಡನ ಕಾಗದವನ್ನೂ ಅವರೇ ಅಂಟಿಸಿದ್ದಾರೆ. ಇಲ್ಲಿ ಪ್ರತಿಯೊಬ್ಬರಿಗೂ ಸತ್ತ ದಿನ, ನಲವತ್ತನೆಯ ದಿನ, ಆರು ತಿಂಗಳು, ಆಮೇಲೆ ವರ್ಷ ವರ್ಷವೂ ಕಾಗದ ಅಂಟಿಸುವುದರಿಂದ ಗೋಡೆ ಖಾಲಿ ಬೀಳುವುದಿಲ್ಲ. ದಿನಕ್ಕೆ ಸುಮಾರು ನಾಲ್ಕು ಹೆಸರು, ತೊಂಬತ್ತು ಕಾಗದ, ಅರವತ್ತಮೂರು ಜಾಗ, ಒಂಬತ್ತು ಕಿಲೋಮೀಟರ್ ನಡಿಗೆ. ಅಂಟಿಸಿದ್ದನ್ನು ಯಾರೂ ಕೀಳುವುದಿಲ್ಲ. ಅದನ್ನು ಮಳೆಯೇ ಒಯ್ಯಬೇಕು.

ಬ್ರೆಡ್ ಅಂಗಡಿಯ ಬಾಗಿಲಿಗೆ ಸೊಂಟದ ಎತ್ತರದಲ್ಲಿ ಅಂಟಿಸುತ್ತಾರೆ. "ಇಲ್ಲಿಗೆ ಬರೋರೆಲ್ಲ ಬಗ್ಗಿ ನಡೆಯೋರು. ಮೇಲೆ ಹಾಕಿದ್ರೆ ಯಾರ್ ನೋಡ್ತಾರೆ, ಪಾರಿವಾಳಾನಾ?"

ಕಳೆದ ಮೇ ತಿಂಗಳಲ್ಲಿ ಪುರಸಭೆ ಚೌಕದಲ್ಲಿ ದೊಡ್ಡ ಪರದೆ ನಿಲ್ಲಿಸಿತು. ಸತ್ತವರ ಹೆಸರನ್ನು ಕಂಪ್ಯೂಟರಿಗೆ ಸೇರಿಸಿದ ನಿಮಿಷದಲ್ಲೇ ಅದು ಪರದೆಯಲ್ಲೂ ಎಲ್ಲರ ಫೋನಿನಲ್ಲೂ ಕಾಣುತ್ತದೆ. ವೆಲಿಕಾ ಇದನ್ನು ಹಳಿಯುವುದಿಲ್ಲ. "ಸತ್ತೋರ ಮಗಳು ಸ್ಪೇನಲ್ಲಿ ಸ್ಟ್ರಾಬೆರಿ ಕೀಳ್ತಿದ್ರೆ, ಅವಳಿಗೆ ನನ್ನ ಬಕೆಟ್ ಸುದ್ದಿ ಮುಟ್ಟಿಸತ್ತಾ?" ಪ್ರಯೋಗಕ್ಕೆಂದು ಎರಡು ವಾರ ಕಾಗದ ನಿಂತಿತು.

ಒಂಬತ್ತನೆಯ ದಿನ ಗಾಂಚೋ ಎಂಬ ಬಡಗಿ ತೀರಿಕೊಂಡರು. ನದಿ ಬೀದಿಯ ಕೊನೆಯಲ್ಲಿ ಅವರ ಅಕ್ಕ ದೇನಾ, ಎಂಬತ್ತಮೂರರ ಅಜ್ಜಿ, ಒಬ್ಬರೇ ಇದ್ದಾರೆ. ಫೋನಿಲ್ಲ, ಚೌಕದವರೆಗೆ ನಡೆಯಲಾಗುವುದಿಲ್ಲ. ಪರದೆಯಲ್ಲಿ ಬಂದಿದೆಯಲ್ಲ, ಯಾರೋ ಹೇಳಿರುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಎರಡು ದಿನದ ಮೇಲೆ ಮೊಸರಿನ ಜಾಡಿ ಹಿಡಿದು, ನಿಂತು ನಿಂತು ತಮ್ಮನ ಮನೆ ಸೇರಿದ ಅಜ್ಜಿ ಬಾಗಿಲಿಗೆ ಕಟ್ಟಿದ ಕಪ್ಪು ಬಟ್ಟೆ ನೋಡಿದರು. ಅಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ವೆಲಿಕಾ ಬ್ರಷ್ಷನ್ನು ಬಕೆಟ್ಟಿನ ಅಂಚಿಗೆ ಒರೆಸುತ್ತಾರೆ. "ಮಣ್ಣು ಮಾಡೋ ದಿನ ಬೆಳಿಗ್ಗೆ ಅಭ್ಯಾಸಬಲದಲ್ಲಿ ಅದೇ ದಾರೀಲಿ ಹೋದೆ. ಅಜ್ಜಿ ಬೆಕ್ಕಿಗೆ ಬ್ರೆಡ್ ಹಾಕ್ತಾ ಇತ್ತು. 'ಬಕೆಟ್ ಎಲ್ಲೇ?' ಅಂತು. 'ರಜಾ ಕಣಜ್ಜಿ' ಅಂದೆ. ನಂಗೆ ಗೊತ್ತಿತ್ತು. ಆದ್ರೆ ಸಾವನ್ನ ನಾನು ಯಾವತ್ತೂ ಬಾಯಲ್ಲಿ ಹೇಳಿದವಳಲ್ಲ. ಕಾಗದ ಹೇಳ್ತಿತ್ತು."

ಆಮೇಲೆ ಕಾಗದ ಮರಳಿತು. ಆದರೆ ಸದ್ಯಕ್ಕೆ ಮಾತ್ರ. ಅದನ್ನು ಪೂರ್ತಿ ನಿಲ್ಲಿಸಬೇಕೇ ಎಂದು ಬರುವ ಬುಧವಾರ ಪುರಸಭೆ ಮತ ಹಾಕಲಿದೆ. ಗೋಡೆ ಹೊಲಸಾಗುತ್ತದೆ, ಒಂದೂರಿಗೆ ಎರಡು ವ್ಯವಸ್ಥೆ ಯಾಕೆ ಎನ್ನುವ ಸದಸ್ಯರೇ ಹೆಚ್ಚು.

ಪರದೆಯನ್ನು ರೂಪಿಸಿದ ಪುರಸಭೆಯ ಎಂಜಿನಿಯರ್ ಯಾವೋರ್ ತ್ಸಾಂಕೊವ್ ಈಗ ಬೇರೆ ಮಾತಾಡುತ್ತಾರೆ. ಮೂರು ಸಂಜೆ ವೆಲಿಕಾರ ಅಡುಗೆಮನೆಯಲ್ಲಿ ಕೂತು ಅರವತ್ತಮೂರು ಜಾಗಗಳನ್ನೂ ಕಂಪ್ಯೂಟರಿಗೆ ಸೇರಿಸಿಕೊಂಡರು.

"ಗಿರಣಿ ಹಿಂದಿನ ಕಂಬಕ್ಕೆ ಯಾಕೆ?" ಎಂದು ಕೇಳಿದರಂತೆ.

"ಅಲ್ಲಿ ಮೆತೋದಿ ಕತ್ತೆ ಕಟ್ತಾನೆ."

"ಕತ್ತೆ ಓದತ್ತಾ?"

"ಓದ್ದೇ ಇರ್ಲಿ ಬಿಡಪ್ಪ. ಬಿಚ್ಚೋಕೆ ಮೆತೋದಿ ಬರ್ಬೇಕಲ್ಲ."

ಹಾಗೆ ಯಾವ ಜಾಗದ ಕಾಗದ ಯಾರಿಗಾಗಿ ಎಂದು ಲೆಕ್ಕ ಹಾಕಿದಾಗ ಪರದೆಯ ಸುದ್ದಿ ಮುಟ್ಟದ ನಲವತ್ತೊಂದು ಮನೆಗಳು ಸಿಕ್ಕವು. ಯಾವೋರ್ ಅವರ ಹೊಸ ಪ್ರಸ್ತಾಪದಲ್ಲಿ, ಹೆಸರು ಸೇರಿಸಿದ ಕೂಡಲೇ ಯಂತ್ರವೇ ಆ ಬಾಗಿಲುಗಳ ಪಟ್ಟಿ ಮುದ್ರಿಸಿ ಕೊಡುತ್ತದೆ. ಅಲ್ಲಿಗೆ ಕಾಗದ ಹೋಗುತ್ತದೆ. "ಎಷ್ಟು ಜನಕ್ಕೆ ಮುಟ್ಟತ್ತೆ ಅಂತಷ್ಟೇ ನೋಡ್ತಿದ್ವಿ. ಯಾರಿಗೆ ಮುಟ್ಟಲ್ಲ ಅಂತ ಯಂತ್ರಾನ ನಾವು ಕೇಳೇ ಇರ್ಲಿಲ್ಲ," ಎನ್ನುತ್ತಾರೆ ಅವರು.

ಬುಧವಾರ ಏನಾಗಬೇಕೆಂದು ಕೇಳಿದರೆ ವೆಲಿಕಾ ಬಕೆಟ್ ಕೆಳಗಿಡುತ್ತಾರೆ. ಮಂಡಿ ನೀವಿಕೊಳ್ಳುತ್ತಾರೆ. "ನನ್ನನ್ನ ಬೇಕಾದ್ರೆ ತೆಗೀಲಿ. ಆ ನಲವತ್ತೊಂದು ಬಾಗ್ಲಿಗೆ ಒಬ್ರು ನಡ್ಕೊಂಡು ಹೋಗ್ಬೇಕು ಅಂತ ಒಂದು ಸಾಲು ಬರೀಲಿ. ಅಷ್ಟೇ."

ಎಂಟೂವರೆಗೆ ನದಿ ಬೀದಿಯ ಕೊನೆ. ದೇನಾ ಅಜ್ಜಿ ಗೇಟು ಹಿಡಿದು ನಿಂತಿದ್ದಾರೆ.

"ಇವತ್ತು ರಜಾ ಇಲ್ವೇನೇ?"

ಮೇ ತಿಂಗಳಿಂದ ದಿನವೂ ಇದೇ ಪ್ರಶ್ನೆ. ವೆಲಿಕಾ ದಿನವೂ ಅದೇ ಉತ್ತರ ಕೊಡುತ್ತಾರೆ: "ಇಲ್ಲ ಅಜ್ಜಿ."

ಟೋಪಿ ಹಾಕಿದ ಮುದುಕನ ಕಾಗದ ಗೇಟಿಗೆ ಅಂಟುತ್ತದೆ. ಅಜ್ಜಿ ಹೆಸರಿನ ಕೆಳಗೆ ಬೆರಳಿಟ್ಟು ಓದುತ್ತಾರೆ. "ಇವನಾ. ಯಾರದೋ ಮದ್ವೇಲಿ ಕುಣಿಯೋಕೆ ಕರ್ದು ಕಾಲು ತುಳ್ದಿದ್ದ. ಎಷ್ಟೊತ್ತಿಗೆ?"

"ಹನ್ನೆರಡಕ್ಕೆ. ಮೆತೋದಿ ಗಾಡಿ ತರ್ತಾನೆ, ಹೇಳಿದೀನಿ."

ಅಜ್ಜಿ ಕಪ್ಪು ತಲೆವಸ್ತ್ರ ಹುಡುಕಲು ಒಳಗೆ ಹೋಗುತ್ತಾರೆ. ವೆಲಿಕಾ ಗಡಿಯಾರ ನೋಡಿಕೊಂಡು ಖಾಲಿ ಬಕೆಟ್ ಎತ್ತುತ್ತಾರೆ.

"ಇನ್ನೂ ಮೂರೂವರೆ ಗಂಟೆ ಇದೆ," ಎನ್ನುತ್ತಾರೆ. "ಅಜ್ಜಿಗೆ ಹೊರಡೋಕೆ ಸಾಕು."